ಎಂಪಿಎಚ್ ಓದಲು ಯಾವ ಸಂಸ್ಥೆ? ಕೊಪ್ಪಳದ ದಂತವೈದ್ಯೆಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯವಳು. ಬಿಡಿಎಸ್ ಮುಗಿಸಿ ಮೂರು ವರ್ಷಗಳಿಂದ ತಾಲ್ಲೂಕು ಕೇಂದ್ರದ ಒಂದು ದಂತ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ತಪಾಸಣೆಗೆಂದು ಹಳ್ಳಿಯ ಶಾಲೆಗಳಿಗೆ ಹೋದಾಗಲೆಲ್ಲ ಫ್ಲೋರೈಡ್ ನೀರಿನಿಂದ ಹಲ್ಲು ಕಂದುಗಟ್ಟಿದ ಮಕ್ಕಳನ್ನು ನೋಡುತ್ತೇನೆ. ಒಂದೊಂದೇ ಹಲ್ಲಿಗೆ ಚಿಕಿತ್ಸೆ ಕೊಡುವುದಕ್ಕಿಂತ ಸಮಸ್ಯೆಯ ಮೂಲದಲ್ಲೇ ಕೆಲಸ ಮಾಡಬೇಕೆನಿಸಿ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ, ಅಂದರೆ ಎಂಪಿಎಚ್, ಓದಲು ತೀರ್ಮಾನಿಸಿದ್ದೇನೆ. ಅಮೆರಿಕದ ಒಂದು ವಿಶ್ವವಿದ್ಯಾಲಯ ಮತ್ತು ನಮ್ಮ ರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯ ಎರಡರಿಂದಲೂ ಪ್ರವೇಶಪತ್ರ ಬಂದಿದೆ. ಎಂಬಿಬಿಎಸ್ ಮಾಡದವರಿಗೆ ಈ ಪದವಿಯಿಂದ ಪ್ರಯೋಜನವಿಲ್ಲ ಎಂದು ಕೆಲವರು ಹೇಳುತ್ತಾರೆ. ಹೊಲ ಅಡವಿಟ್ಟಾದರೂ ಅಮೆರಿಕಕ್ಕೆ ಕಳಿಸುತ್ತೇನೆ ಎಂದು ತಂದೆಯವರು ಹೇಳುತ್ತಿದ್ದಾರೆ. ಯಾವುದನ್ನು ಆರಿಸಲಿ?

ಉತ್ತರ: ನಿಮ್ಮ ಕೈಯಲ್ಲಿರುವ ಎರಡು ಪ್ರವೇಶಪತ್ರಗಳಿಗಿಂತ ನಿಮ್ಮ ಪತ್ರದ ಮೂರನೆಯ ವಾಕ್ಯ ನನಗೆ ಮುಖ್ಯವಾಗಿ ಕಂಡಿತು. ಚಿಕಿತ್ಸಾಲಯದ ಕೆಲಸ ಬೇಸರವಾಯಿತೆಂದೋ, ದಂತವೈದ್ಯದ ಸ್ನಾತಕೋತ್ತರ ಪದವಿಯಾದ ಎಂಡಿಎಸ್‌ಗೆ ಸೀಟು ಸಿಗಲಿಲ್ಲವೆಂದೋ ಎಂಪಿಎಚ್ ಕಡೆಗೆ ಹೊರಳುವವರು ಹಲವರಿದ್ದಾರೆ. ಹಾಗೆ ಬರುವುದು ತಪ್ಪಲ್ಲ, ಆದರೆ ಅಂಥವರಿಗೆ ಸಂಸ್ಥೆಗಳನ್ನು ತೂಗಿ ನೋಡಲು ಶುಲ್ಕ, ಊರು, ಹೆಸರು ಬಿಟ್ಟರೆ ಬೇರೆ ಅಳತೆಗೋಲು ಇರುವುದಿಲ್ಲ. ನಿಮ್ಮ ಬಳಿ ಒಂದು ಪ್ರಶ್ನೆಯಿದೆ. ಆ ಪ್ರಶ್ನೆಗೆ ಉತ್ತರ ಹುಡುಕುವ ವಿದ್ಯೆಯನ್ನು ಯಾರು ಚೆನ್ನಾಗಿ ಕಲಿಸುತ್ತಾರೆ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಹಾಗೆ ನೋಡಿದರೆ ನನ್ನ ಸಲಹೆ ಹೀಗಿದೆ: ಹೊಲವನ್ನು ಅಡವಿಡಬೇಡಿ. ಖಾಸಗಿ ವಿಶ್ವವಿದ್ಯಾಲಯಕ್ಕೂ ಈಗಲೇ ಹಣ ಕಟ್ಟಬೇಡಿ. ಕ್ಷೇತ್ರಕಾರ್ಯವನ್ನು ಗಂಭೀರವಾಗಿ ಮಾಡಿಸುವ, ಸರ್ಕಾರಿ ನೆರವಿನ ಒಂದೆರಡು ಸಂಸ್ಥೆಗಳ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳಿ. ಅದಕ್ಕಾಗಿ ಒಂದು ವರ್ಷ ತಡವಾದರೂ ಚಿಂತೆಯಿಲ್ಲ. ಇದಕ್ಕೆ ಕಾರಣಗಳನ್ನು ಮುಂದೆ ಹೇಳುತ್ತೇನೆ.

ಮೊದಲು ಎಂಬಿಬಿಎಸ್ ವಿಷಯ. ಅದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿಯಂಥ ಹುದ್ದೆಗಳು ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೇ ಸಲ್ಲುತ್ತವೆ, ಎಂಪಿಎಚ್ ಮಾಡಿದ ಮಾತ್ರಕ್ಕೆ ಆ ಬಾಗಿಲು ನಿಮಗೆ ತೆರೆಯುವುದಿಲ್ಲ. ಎಂಬಿಬಿಎಸ್, ಬಿಡಿಎಸ್‌ಗಳಿಗೆ ಇರುವಂತೆ ಈ ಪದವಿಗೆ ಪ್ರತ್ಯೇಕ ವೃತ್ತಿ ಪರಿಷತ್ತಾಗಲಿ ನೋಂದಣಿಯಾಗಲಿ ಇಲ್ಲ. ಜಿಲ್ಲಾ ಮಟ್ಟದಲ್ಲಿ ಸಿಗುವ ಕೆಲಸಗಳು ಬಹುಮಟ್ಟಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ಗುತ್ತಿಗೆಯವು. ಆದರೆ ಸಂಶೋಧನಾ ಸಂಸ್ಥೆಗಳು, ಸರ್ಕಾರಿ ಕಾರ್ಯಕ್ರಮಗಳ ತಾಂತ್ರಿಕ ನೆರವು ಘಟಕಗಳು, ಸ್ವಯಂಸೇವಾ ಸಂಸ್ಥೆಗಳು, ಬೋಧನೆ ಇವೆಲ್ಲವೂ ದಂತವೈದ್ಯರಿಗೂ ಶುಶ್ರೂಷಕರಿಗೂ ಆಯುರ್ವೇದ ಪದವೀಧರರಿಗೂ ಸಮಾಜಶಾಸ್ತ್ರ ಓದಿದವರಿಗೂ ತೆರೆದೇ ಇವೆ. ನಿಮ್ಮ ವಿಷಯಕ್ಕೇ ಬಂದರೆ, ಕೇಂದ್ರ ಸರ್ಕಾರ 2008-09ರಲ್ಲಿ ಆರಂಭಿಸಿದ ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆಗಳಿಗೆ ಬರುವ ತೊಂದರೆ) ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಾಧಿತ ಜಿಲ್ಲೆಗಳಿಗೆ ಫ್ಲೋರೋಸಿಸ್ ಸಲಹೆಗಾರರ ಹುದ್ದೆಯನ್ನೇ ರೂಪಿಸಲಾಗಿದೆ.

ಇನ್ನರ್ಧಕ್ಕೆ ಉತ್ತರ ನಿಮ್ಮ ವೃತ್ತಿಯ ಇತಿಹಾಸದಲ್ಲೇ ಇದೆ. ಹಲ್ಲಿನ ಈ ಕಂದುಕಲೆಗೆ ಕುಡಿಯುವ ನೀರೇ ಕಾರಣವೆಂಬ ಜಾಡು ಹಿಡಿದವರು ಫ್ರೆಡರಿಕ್ ಮೆಕೆ ಎಂಬ ದಂತವೈದ್ಯರು. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ವೃತ್ತಿ ಆರಂಭಿಸಿದ ಅವರು, ನೀವು ಈಗ ನೋಡುತ್ತಿರುವಂಥ ಹಲ್ಲುಗಳನ್ನೇ ನೋಡಿ ಚಿಕಿತ್ಸಾಲಯದಿಂದ ಹೊರಬಂದು ಊರೂರು ತಿರುಗಿದರು. 1923ರಲ್ಲಿ ಐಡಾಹೊ ರಾಜ್ಯದ ಓಕ್ಲಿ ಎಂಬ ಊರಿನ ಪಾಲಕರು, ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳವೆ ಹಾಕಿದ ಮೇಲೆ ಮಕ್ಕಳ ಹಲ್ಲಿನಲ್ಲಿ ಕಲೆ ಕಾಣಿಸಿಕೊಂಡಿತೆಂದು ಅವರಿಗೆ ತಿಳಿಸಿದರು. ಆ ನೀರನ್ನು ಬಿಟ್ಟು ಬೇರೆ ಮೂಲಕ್ಕೆ ಹೋಗುವಂತೆ ಮೆಕೆ ಸಲಹೆ ಕೊಟ್ಟರು. ಕೆಲವು ವರ್ಷಗಳ ನಂತರ ಅಲ್ಲಿನ ಚಿಕ್ಕ ಮಕ್ಕಳಿಗೆ ಮೂಡಿದ ಹೊಸ ಹಲ್ಲುಗಳಲ್ಲಿ ಕಲೆಯಿರಲಿಲ್ಲ. ನೀರಿನಲ್ಲಿದ್ದ ವಸ್ತು ಫ್ಲೋರೈಡ್ ಎಂಬುದು ಖಚಿತವಾದದ್ದು 1931ರಲ್ಲಿ, ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರಿಂದ. ಆ ಬಳಿಕ ಊರೂರಿನ ನೀರನ್ನೂ ಮಕ್ಕಳ ಹಲ್ಲನ್ನೂ ಅಳೆದು, ಎಷ್ಟು ಫ್ಲೋರೈಡಿಗೆ ಎಷ್ಟು ಕಲೆ ಎಂಬ ಲೆಕ್ಕ ಕಟ್ಟಿಕೊಟ್ಟ ಟ್ರೆಂಡ್ಲಿ ಡೀನ್ ಕೂಡ ದಂತವೈದ್ಯರೇ. ಹಲ್ಲಿನ ಕಲೆ ಎಷ್ಟು ತೀವ್ರ ಎಂದು ದರ್ಜೆ ಕಟ್ಟಲು ನೀವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಡೀನ್ ಸೂಚ್ಯಂಕ ಇವರದ್ದೇ. ಸಾರ್ವಜನಿಕ ಆರೋಗ್ಯದ ಅತ್ಯುತ್ತಮ ಪತ್ತೇದಾರಿ ಕೆಲಸಗಳಲ್ಲೊಂದನ್ನು ಮಾಡಿದವರು ದಂತವೈದ್ಯರು ಎಂಬುದನ್ನು, ನಿಮ್ಮನ್ನು ಹಿಂಜರಿಯುವಂತೆ ಮಾಡುತ್ತಿರುವವರಿಗೆ ನೀವು ಧೈರ್ಯವಾಗಿ ಹೇಳಬಹುದು.

ಇನ್ನು ನಿಮ್ಮ ಪ್ರಶ್ನೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಎಂಪಿಎಚ್ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ವಿದ್ಯೆಗಳಿವೆ, ಮತ್ತು ಒಂದು ಸಂಸ್ಥೆ ಎಲ್ಲದರಲ್ಲೂ ಸಮನಾಗಿ ಗಟ್ಟಿಯಾಗಿರುವುದು ಅಪರೂಪ.

ಎಪಿಡೆಮಿಯಾಲಜಿ, ಅಂದರೆ ಜನಸಮೂಹದಲ್ಲಿ ರೋಗ ಯಾರಿಗೆ, ಎಲ್ಲಿ, ಏಕೆ ಬರುತ್ತದೆಂದು ಹುಡುಕುವ ವಿದ್ಯೆ ಓದಿದವರು ನಿಮ್ಮ ಶಾಲೆಯ ಮಕ್ಕಳನ್ನು ನೋಡಿ ಮೊದಲು ಕೇಳುವುದು, ಈ ಮಗು ಮೂರನೆಯ ವಯಸ್ಸಿನಲ್ಲಿ ಎಲ್ಲಿತ್ತು ಎಂದು. ಶಾಶ್ವತ ಹಲ್ಲಿನ ಎನಾಮೆಲ್ ಪದರ ರೂಪುಗೊಳ್ಳುವುದು ಹಲ್ಲು ಒಸಡಿನ ಹೊರಗೆ ಕಾಣಿಸಿಕೊಳ್ಳುವ ಮೊದಲೇ. ಹಾಗಾಗಿ ಹನ್ನೆರಡು ವರ್ಷದ ಮಗುವಿನ ಹಲ್ಲಿನ ಕಲೆಯಲ್ಲಿ ಅದು ಎಳೆಯ ವಯಸ್ಸಿನಲ್ಲಿ ಕುಡಿದ ನೀರಿನ ದಾಖಲೆಯಿದೆಯೇ ಹೊರತು ಇವತ್ತು ಕುಡಿಯುತ್ತಿರುವ ನೀರಿನದ್ದಲ್ಲ. ನಿಮ್ಮ ಭಾಗದಿಂದ ಎಷ್ಟೋ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಮಂಗಳೂರು, ಗೋವಾ ಕಡೆಗೆ ದುಡಿಯಲು ಹೋಗಿ ವರ್ಷಗಟ್ಟಲೆ ಅಲ್ಲೇ ಇದ್ದು ಬರುತ್ತವೆ. ಇದನ್ನು ಗಮನಿಸದೆ ಇವತ್ತಿನ ಕೊಳವೆಬಾವಿಯ ನೀರಿಗೂ ಇವತ್ತಿನ ಹಲ್ಲಿಗೂ ಗಂಟು ಹಾಕಿದರೆ ಲೆಕ್ಕ ತಪ್ಪುತ್ತದೆ. ಪರಿಸರ ಆರೋಗ್ಯ ಓದಿದವರು ಕೇಳುವುದೇ ಬೇರೆ: ಯಾವ ಬಂಡೆಯಿಂದ ಈ ಫ್ಲೋರೈಡ್ ನೀರಿಗಿಳಿಯುತ್ತಿದೆ, ಕೊಳವೆಬಾವಿ ಆಳವಾದಷ್ಟೂ ಏನಾಗುತ್ತಿದೆ, ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಎಂಬ ಭಾರತೀಯ ಮಾನಕದ ಮಿತಿಯನ್ನು ಊರಿನ ಯಾವ ಯಾವ ಮೂಲಗಳು ಮೀರುತ್ತಿವೆ ಎಂಬಂಥವು. ಆರೋಗ್ಯ ನೀತಿ ಮತ್ತು ಅರ್ಥಶಾಸ್ತ್ರದವರ ಕಣ್ಣು ಹೋಗುವುದು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕಡೆಗೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಆ ಘಟಕ ಕೆಟ್ಟಾಗ ದುರಸ್ತಿಯ ಹೊಣೆ ಯಾರದ್ದು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ, ನದಿ ನೀರು ತರುವ ಬಹುಗ್ರಾಮ ಯೋಜನೆ ಕೊನೆಯ ಹಳ್ಳಿಯನ್ನು ತಲುಪದಿರುವುದಕ್ಕೆ ಕಾರಣವೇನು ಎಂದು ಅವರು ಕೇಳುತ್ತಾರೆ. ಸಮಾಜವಿಜ್ಞಾನದ ಹಿನ್ನೆಲೆಯವರಾದರೆ ಆ ಕ್ಯಾನನ್ನು ಹೊತ್ತು ತರುವವರು ಯಾರು, ಅಡುಗೆಗೆ ಮಾತ್ರ ಕೊಳವೆಬಾವಿಯ ನೀರನ್ನೇ ಏಕೆ ಬಳಸುತ್ತಾರೆ, ಹಲ್ಲಿನ ಕಲೆ ಹೆಣ್ಣುಮಕ್ಕಳ ಮದುವೆಯ ಮಾತುಕತೆಯಲ್ಲಿ ಹೇಗೆ ಬರುತ್ತದೆ ಎಂಬುದನ್ನು ಕೇಳುತ್ತಾರೆ.

ಈ ನಾಲ್ಕರಲ್ಲಿ ಯಾವ ಪ್ರಶ್ನೆಯನ್ನು ಓದುವಾಗ ನಿಮ್ಮ ಮನಸ್ಸು ಚುರುಕಾಯಿತು ಎಂದು ನೋಡಿಕೊಳ್ಳಿ. ಅದು ನಿಮ್ಮ ವಿಭಾಗ. ಒಬ್ಬರೇ ನಾಲ್ಕನ್ನೂ ಮಾಡಲಾಗದು, ಎರಡು ವರ್ಷಗಳ ಓದಿನಲ್ಲಂತೂ ಆಗದು.

ಎಪಿಡೆಮಿಯಾಲಜಿ ಎಂದು ನೀವು ಹೇಳುವಿರೆಂದು ನನ್ನ ಊಹೆ. ಹಾಗಿದ್ದರೆ ನಾನು ಮೊದಲು ಹೇಳುವ ಹೆಸರು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ. ದೇಶದ ಮೊದಲ ಎಂಪಿಎಚ್ ಶುರುವಾದದ್ದು ಅಲ್ಲೇ, 1997ರಲ್ಲಿ. ತಂಡ ಚಿಕ್ಕದು, ವೈದ್ಯರಲ್ಲದವರಿಗೂ ಪ್ರವೇಶವಿದೆ, ಮತ್ತು ವಿದ್ಯಾರ್ಥಿ ತಾನೇ ರೂಪಿಸಿ ತಾನೇ ಮಾಹಿತಿ ಸಂಗ್ರಹಿಸಿ ಬರೆಯುವ ಪ್ರಬಂಧಕ್ಕೆ ಅಲ್ಲಿ ಮಹತ್ವವಿದೆ. ಪ್ರಬಂಧಕ್ಕಾಗಿ ನೀವು ಕೊಪ್ಪಳಕ್ಕೇ ಮರಳಿ ಬರುವ ಸಾಧ್ಯತೆಯಿದೆಯೇ ಎಂದು ಸಂದರ್ಶನದಲ್ಲೇ ಕೇಳಿ. ಚೆನ್ನೈನಲ್ಲಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ, ರೋಗ ಹಬ್ಬಿದಾಗ ಕ್ಷೇತ್ರಕ್ಕಿಳಿದು ತನಿಖೆ ಮಾಡುವುದನ್ನು ಕಲಿಸುವುದರಲ್ಲಿ ಹೆಸರಾದದ್ದು. ಅಲ್ಲಿನ ಅರ್ಹತೆಯ ನಿಯಮಗಳು ಕೋರ್ಸಿನಿಂದ ಕೋರ್ಸಿಗೆ ಬೇರೆಯಾಗಿರುವುದರಿಂದ ಆ ವರ್ಷದ ಪ್ರಕಟಣೆಯನ್ನು ಓದಿಯೇ ಅರ್ಜಿ ಹಾಕಿ. ಕೋಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ 1932ರಷ್ಟು ಹಳೆಯದು, ಸಿಂಗೂರಿನಲ್ಲಿ ಅದರದ್ದೇ ಗ್ರಾಮೀಣ ಆರೋಗ್ಯ ಘಟಕವಿದೆ. ಆದರೆ ನಿಮ್ಮ ಪ್ರಶ್ನೆಗೆ ಭಾಷೆಯ ದೃಷ್ಟಿಯಿಂದ ಬಂಗಾಳ ದೂರವಾಯಿತು ಎನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಮನಸ್ಸು ನೀತಿಯ ಕಡೆಗೆ ವಾಲಿದರೆ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಎಂಪಿಎಚ್‌ಗೆ ಆದ್ಯತೆ ಕೊಡಿ. ಆರೋಗ್ಯ ನೀತಿ, ಅರ್ಥಶಾಸ್ತ್ರ, ಹಣಕಾಸು ಅಲ್ಲಿನ ಬಲ. ಸಮಾಜ, ಜಾತಿ, ದುಡಿಮೆ ಇವುಗಳ ಮೂಲಕ ಆರೋಗ್ಯವನ್ನು ನೋಡುವ ಆಸೆಯಿದ್ದರೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಬಿಟ್ಟು ಮುಂದೆ ಹೋಗಬೇಡಿ. ಕರ್ನಾಟಕದಲ್ಲಿ ಮಣಿಪಾಲದ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್, ಸಾರ್ವಜನಿಕ ಆರೋಗ್ಯಕ್ಕೆಂದೇ ಪ್ರತ್ಯೇಕವಾಗಿ ನಿಂತ ಸಂಸ್ಥೆ. ಬೆಂಗಳೂರಿನ ನಿಮ್ಹಾನ್ಸ್‌ನ ಎಂಪಿಎಚ್ ಮಾನಸಿಕ ಆರೋಗ್ಯ, ಅಪಘಾತ, ಆತ್ಮಹತ್ಯೆ ತಡೆಯಂಥ ವಿಷಯಗಳಲ್ಲಿ ಕೆಲಸ ಮಾಡಬಯಸುವವರಿಗೆ ಬಹಳ ಒಳ್ಳೆಯದು, ಫ್ಲೋರೋಸಿಸ್‌ಗೆ ಅದು ಸಹಜ ಮನೆಯಲ್ಲ. 2006ರಲ್ಲಿ ಆರಂಭವಾದ ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾದ ಸಂಸ್ಥೆಗಳು ಗಾಂಧಿನಗರ, ಹೈದರಾಬಾದ್ ಮೊದಲಾದ ಊರುಗಳಲ್ಲಿವೆ. ನಿಮ್ಮ ಊರಿಗೆ ಹತ್ತಿರವಾದ ಹೈದರಾಬಾದನ್ನು ವಿಚಾರಿಸಿ ನೋಡಬಹುದು.

ಎಂಡಿಎಸ್‌ನಲ್ಲೇ ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ ಎಂಬ ಮೂರು ವರ್ಷಗಳ ವಿಭಾಗವಿರುವುದು ನಿಮಗೆ ಗೊತ್ತೇ ಇರುತ್ತದೆ. ದಂತ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರೆ ಅದು ಸರಿಯಾದ ದಾರಿ. ನೀರಿನ ಮೇಲೆ ಕೆಲಸ ಮಾಡುವ ಆಸೆಯಿದ್ದರೆ ಎಂಪಿಎಚ್ ಹೆಚ್ಚು ವಿಶಾಲ.

ನಿಮಗೆ ಪ್ರವೇಶ ಕೊಟ್ಟಿರುವ ಖಾಸಗಿ ವಿಶ್ವವಿದ್ಯಾಲಯದ ಹೆಸರನ್ನು ನೀವು ಬರೆದಿಲ್ಲ, ಬರೆಯದಿದ್ದದ್ದೇ ಒಳ್ಳೆಯದಾಯಿತು. ಏಕೆಂದರೆ ಹೆಸರಿಗಿಂತ ಅಲ್ಲಿ ನೀವೇ ಹೋಗಿ ನೋಡಿಬರುವುದು ಮುಖ್ಯ. ನೋಡಲು ಏನೇನಿದೆ ಎಂದು ಹೇಳುತ್ತೇನೆ. ಗ್ರಂಥಾಲಯಕ್ಕೆ ಹೋಗಿ ಹಿಂದಿನ ಎರಡು ತಂಡಗಳ ಪ್ರಬಂಧಗಳನ್ನು ತೆಗೆಸಿ ಓದಿ. ಹಲವು ವರ್ಷಗಳಿಂದ ಇಂಥ ಪ್ರಬಂಧಗಳನ್ನು ಪರೀಕ್ಷಕನಾಗಿ ಓದಿದ ಅನುಭವದಿಂದ ಹೇಳುವುದಾದರೆ, ಒಂದು ಸಂಸ್ಥೆಯ ಸತ್ವ ಅದರ ಕಟ್ಟಡದಲ್ಲಾಗಲಿ ಕೈಪಿಡಿಯಲ್ಲಾಗಲಿ ಕಾಣುವುದಿಲ್ಲ, ಅಲ್ಲಿನ ಸಾಧಾರಣ ವಿದ್ಯಾರ್ಥಿಯ ಪ್ರಬಂಧದಲ್ಲಿ ಕಾಣುತ್ತದೆ. ಅದೇ ಕಾಲೇಜಿನ ನೂರು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿ ಹಂಚಿ, ಯಾವುದೋ ರೋಗದ ಬಗ್ಗೆ ಅವರಿಗಿರುವ ತಿಳಿವಳಿಕೆ, ಮನೋಭಾವ, ಅಭ್ಯಾಸ ಎಂದು ಶೇಕಡಾವಾರು ಕೋಷ್ಟಕ ಹಾಕಿ ಮುಗಿಸಿದ ಪ್ರಬಂಧಗಳೇ ಸಾಲಾಗಿ ಸಿಕ್ಕರೆ, ಆ ವಿದ್ಯಾರ್ಥಿಗಳನ್ನು ಯಾರೂ ಕ್ಷೇತ್ರಕ್ಕೆ ಕರೆದೊಯ್ದಿಲ್ಲ ಎಂದು ತಿಳಿಯಿರಿ. ಮಾದರಿಯ ಗಾತ್ರವನ್ನು ಏಕೆ ಅಷ್ಟೇ ಇಟ್ಟುಕೊಂಡರು, ಮನೆಗಳನ್ನು ಹೇಗೆ ಆರಿಸಿದರು, ಯಾರು ಸಿಗಲಿಲ್ಲ, ಸಿಗದವರಿಂದ ಫಲಿತಾಂಶ ಎಷ್ಟು ವಾಲಿರಬಹುದು ಎಂದು ವಿದ್ಯಾರ್ಥಿ ತಾನೇ ಬರೆದಿರುವ ಪ್ರಬಂಧ ಒಂದಾದರೂ ಸಿಕ್ಕರೆ, ಅದಕ್ಕೆ ಮಾರ್ಗದರ್ಶನ ಮಾಡಿದ ಅಧ್ಯಾಪಕರ ಹೆಸರನ್ನು ಬರೆದುಕೊಳ್ಳಿ ಮತ್ತು ಅವರು ಈಗಲೂ ಅಲ್ಲೇ ಇದ್ದಾರೆಯೇ ಎಂದು ವಿಚಾರಿಸಿ.

ಬಯೋಸ್ಟ್ಯಾಟಿಸ್ಟಿಕ್ಸ್, ಅಂದರೆ ಆರೋಗ್ಯದ ಮಾಹಿತಿಗೆ ಅನ್ವಯಿಸುವ ಸಂಖ್ಯಾಶಾಸ್ತ್ರ, ಪಾಠ ಮಾಡುವವರು ಆ ವಿಭಾಗದ ಪೂರ್ಣಾವಧಿ ಅಧ್ಯಾಪಕರೇ ಅಥವಾ ವಾರಕ್ಕೊಮ್ಮೆ ಬಂದು ಹೋಗುವ ಅತಿಥಿಗಳೇ ಎಂಬುದನ್ನು ಕೇಳಿ. ಈ ವಿಷಯ ಸೊರಗಿದ ಕಡೆ ಉಳಿದದ್ದೆಲ್ಲ ಸೊರಗುತ್ತದೆ. ವಿದ್ಯಾರ್ಥಿಗಳು ಆರ್ ಅಥವಾ ಸ್ಟೇಟಾದಂಥ ತಂತ್ರಾಂಶದಲ್ಲಿ ತಮ್ಮ ವಿಶ್ಲೇಷಣೆಯನ್ನು ತಾವೇ ಮಾಡುತ್ತಾರೆಯೋ, ಹೊರಗೆ ದುಡ್ಡು ಕೊಟ್ಟು ಮಾಡಿಸುತ್ತಾರೆಯೋ ಎಂಬುದನ್ನು ಹಾಸ್ಟೆಲಿನಲ್ಲಿ ವಿಚಾರಿಸಿದರೆ ನಿಜ ತಿಳಿಯುತ್ತದೆ. ಕಳೆದ ಮೂರು ತಂಡಗಳಲ್ಲಿ ಓದಿದ ಐದಾರು ಮಂದಿಗೆ ಫೋನ್ ಮಾಡಿ. ಕೆಲಸ ಸಿಕ್ಕಿತೇ ಎಂದಷ್ಟೇ ಕೇಳಿ ಬಿಡಬೇಡಿ, ಪದವಿಯ ನಂತರದ ಎರಡನೆಯ ಕೆಲಸ ಯಾವುದು ಎಂದು ಕೇಳಿ. ಮೊದಲ ಕೆಲಸ ಅದೃಷ್ಟದಿಂದಲೋ ಪರಿಚಯದಿಂದಲೋ ಸಿಗಬಹುದು, ಎರಡನೆಯದು ಕಲಿತ ವಿದ್ಯೆಯಿಂದ ಸಿಗುವುದು. ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆಯನ್ನು ಖಚಿತಪಡಿಸಿಕೊಳ್ಳುವುದು ಹೇಗೂ ಇದ್ದದ್ದೇ. ಇವಕ್ಕೆಲ್ಲ ತೃಪ್ತಿಕರ ಉತ್ತರ ಸಿಕ್ಕರೆ ಆ ಸಂಸ್ಥೆಯನ್ನು ಆರಿಸಲು ಅಂಜಬೇಕಿಲ್ಲ. ಖಾಸಗಿ ಎಂಬುದೇ ದೋಷವಲ್ಲ.

ಅಮೆರಿಕದ ಮಾತಿಗೆ ಬರುತ್ತೇನೆ. ಅಲ್ಲಿನ ಶಾಲೆಗಳ ಗುಣಮಟ್ಟದ ಬಗ್ಗೆ ನನಗೆ ಗೌರವವಿದೆ. ವೈದ್ಯಕೀಯ ಶಿಕ್ಷಣದಿಂದ ಬೇರೆಯಾಗಿ ಸಾರ್ವಜನಿಕ ಆರೋಗ್ಯಕ್ಕೆ ತನ್ನದೇ ಶಾಲೆ ಬೇಕೆಂಬ ವಿಚಾರ 1916ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಗಟ್ಟಿಯಾಗಿ ರೂಪ ಪಡೆಯಿತು, ಮತ್ತು ಸಂಖ್ಯಾಶಾಸ್ತ್ರದ ತರಬೇತಿಯಲ್ಲಿ ಅಲ್ಲಿನ ಉತ್ತಮ ಶಾಲೆಗಳನ್ನು ಸರಿಗಟ್ಟುವುದು ಸುಲಭವಲ್ಲ. ನಿಮಗೆ ಪ್ರವೇಶ ಕೊಟ್ಟ ಶಾಲೆಗೆ ಸಾರ್ವಜನಿಕ ಆರೋಗ್ಯ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಸೆಫ್ (CEPH) ಎಂಬ ಮಂಡಳಿಯ ಮಾನ್ಯತೆ ಇದೆಯೇ ಎಂದು ಮೊದಲು ನೋಡಿ, ಅದಿಲ್ಲದಿದ್ದರೆ ಮುಂದಿನ ಮಾತೇ ಬೇಡ. ಮಾನ್ಯತೆ ಇದ್ದರೂ ಲೆಕ್ಕ ಹಾಕಲೇಬೇಕು. ಎರಡು ವರ್ಷಗಳ ಶುಲ್ಕ ಮತ್ತು ಜೀವನವೆಚ್ಚ ಸೇರಿ 50 ಲಕ್ಷ ರೂಪಾಯಿ ದಾಟುವುದು ಅಲ್ಲಿ ಸಾಮಾನ್ಯ, ಹೆಸರಾದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಒಂದು ಕೋಟಿಯನ್ನೂ ಮೀರುತ್ತದೆ. 50 ಲಕ್ಷ ಸಾಲಕ್ಕೆ ಶೇಕಡಾ 10ರ ಬಡ್ಡಿ ಎಂದಿಟ್ಟುಕೊಂಡರೂ ವರ್ಷಕ್ಕೆ 5 ಲಕ್ಷ, ಅಂದರೆ ತಿಂಗಳಿಗೆ 41,000 ರೂಪಾಯಿಗೂ ಹೆಚ್ಚು. ಇದು ಬರೀ ಬಡ್ಡಿ, ಅಸಲು ಹಾಗೇ ನಿಂತಿರುತ್ತದೆ. ಕೊಪ್ಪಳದಲ್ಲಿ ಒಂದು ಗುತ್ತಿಗೆ ಹುದ್ದೆ ಹಿಡಿದು ಈ ಬಡ್ಡಿ ಕಟ್ಟುವುದು ಆಗದ ಮಾತು. ಹಾಗಾಗಿ ಸಾಲ ತೀರಿಸುವುದಕ್ಕಾಗಿಯೇ ನೀವು ಅಲ್ಲೇ ಉಳಿಯಬೇಕಾಗುತ್ತದೆ, ಅಲ್ಲಿ ಉಳಿಯುವುದು ವೀಸಾದ ಮೇಲೆ ನಿಂತ ಮಾತು, ಮತ್ತು ಯಾವ ಮಕ್ಕಳಿಗಾಗಿ ನೀವು ಓದಲು ಹೊರಟಿರೋ ಆ ಮಕ್ಕಳಿಂದ ಆ ಸಾಲವೇ ನಿಮ್ಮನ್ನು ದೂರ ಮಾಡುತ್ತದೆ. ಹೊರದೇಶದಲ್ಲಿ ನೆಲೆಸುವ ಆಸೆ ನಿಮಗಿದ್ದರೆ ಅದು ಬೇರೆ ಮಾತು, ಅದರಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಆ ಆಸೆ ನನಗೆ ಕಾಣಲಿಲ್ಲ.

ಹೊರಗೆ ಓದಲೇಬೇಕೆಂದಿದ್ದರೆ ಸಾಲವಿಲ್ಲದ ದಾರಿಗಳಿವೆ. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಓದು ಸಾಮಾನ್ಯವಾಗಿ ಒಂದೇ ವರ್ಷದ್ದು. ಅಲ್ಲಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಕೇಳುತ್ತಾರೆ, ಮೂರು ವರ್ಷ ಪೂರ್ಣಾವಧಿ ದುಡಿದ ನಿಮಗೆ ಅದಿದೆ. ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ ಅದರ ಷರತ್ತು ನಿಮಗೆ ತೊಡಕಾಗದು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನವನ್ನೂ ನೋಡಿ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿದ್ದರೆ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ವಿದೇಶದ ಓದಿಗೆ ನೆರವಾಗುತ್ತದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕೂಲಿಕಾರರ ಕುಟುಂಬಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ದೂರದ ಪಶ್ಚಿಮಕ್ಕೇ ಹೋಗಬೇಕೆಂದೂ ಇಲ್ಲ. ಢಾಕಾದ ಬ್ರ್ಯಾಕ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಶುರುವಾದ ಜೇಮ್ಸ್ ಗ್ರ್ಯಾಂಟ್ ಶಾಲೆ, ನಮ್ಮಂಥದ್ದೇ ಹಳ್ಳಿಗಳ ನಡುವೆ ಎಂಪಿಎಚ್ ಕಲಿಸುತ್ತದೆ.

ಭಾಷೆಯ ಮಾತನ್ನು ಮೇಲೆ ಎತ್ತಿ ಬಿಟ್ಟಿದ್ದೆ. ಪಾಠ ಎಲ್ಲಿದ್ದರೂ ಇಂಗ್ಲಿಷಿನಲ್ಲೇ ಇರುತ್ತದೆ, ಆದರೆ ನಿಮ್ಮ ಪ್ರಶ್ನಾವಳಿ ಕನ್ನಡದಲ್ಲಿರಬೇಕು, ಅದೂ ನಿಮ್ಮ ಊರಿನ ಕನ್ನಡದಲ್ಲಿ. ಸವಳು ನೀರನ್ನು ಜನ ನಾಲಿಗೆಯಿಂದಲೇ ಗುರುತಿಸುತ್ತಾರೆ, ಫ್ಲೋರೈಡಿಗೆ ಈ ಪ್ರಮಾಣದಲ್ಲಿ ರುಚಿಯೇ ಇಲ್ಲ. ‘ನಿಮ್ಮ ನೀರು ಚೆನ್ನಾಗಿದೆಯೇ’ ಎಂದು ಕೇಳಿದರೆ ‘ಸಿಹಿ ನೀರು ರೀ, ಚಲೋ ಅದಾವ’ ಎಂಬ ಉತ್ತರ ಬರುತ್ತದೆ, ಅದೇ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿ ಇರಬಹುದು. ಪ್ರಶ್ನೆಯನ್ನು ಹೇಗೆ ಕೇಳಿದರೆ ನಿಜವಾದ ಉತ್ತರ ಬರುತ್ತದೆ ಎಂಬುದನ್ನು ಮಾರ್ಗದರ್ಶಕರು ನಿಮ್ಮೊಡನೆ ಕೂತು ಚರ್ಚಿಸಬಲ್ಲವರಾಗಿರಬೇಕು. ಕನ್ನಡ ಬಾರದವರೂ ಇದನ್ನು ಮಾಡಬಲ್ಲರು, ಹಳ್ಳಿಯಲ್ಲಿ ಕೂತು ಮಾಡಿದ ಅನುಭವ ಅವರಿಗಿದ್ದರೆ ಸಾಕು. ಆ ಅನುಭವ ಇಲ್ಲದ ಕನ್ನಡಿಗರಿಗಿಂತ ಅವರೇ ಮೇಲು.

ಪ್ರವೇಶ ಪರೀಕ್ಷೆಗಳಿಗೆ ಇನ್ನೂ ತಿಂಗಳುಗಳಿವೆ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ನೀವು ಹೋಗುವ ಶಾಲೆಗಳಲ್ಲಿ ಎರಡನ್ನು ಆರಿಸಿಕೊಂಡು, ಮುಖ್ಯೋಪಾಧ್ಯಾಯರ ಮತ್ತು ಪಾಲಕರ ಒಪ್ಪಿಗೆ ಪಡೆದು, ಆರನೆಯ ಮತ್ತು ಏಳನೆಯ ತರಗತಿಯ ಪ್ರತಿ ಮಗುವಿನ ಹಲ್ಲನ್ನು ಡೀನ್ ಸೂಚ್ಯಂಕದ ಪ್ರಕಾರ ದಾಖಲಿಸಿ. ಮಗು ಹುಟ್ಟಿದಾಗಿನಿಂದ ಯಾವ ಊರಿನಲ್ಲಿತ್ತು, ಮನೆಯವರು ಆಗ ಯಾವ ನೀರು ಕುಡಿಯುತ್ತಿದ್ದರು ಎಂದು ತಾಯಿಯನ್ನು ಕೇಳಿ ಬರೆದುಕೊಳ್ಳಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಆ ಊರುಗಳ ನೀರಿನ ಪರೀಕ್ಷೆಯ ಹಳೆಯ ವರದಿಗಳಿದ್ದರೆ ಕೇಳಿ ಪಡೆಯಿರಿ. ಮಕ್ಕಳ ಹೆಸರಿನ ಬದಲು ಸಂಖ್ಯೆ ಹಾಕಿ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಷ್ಟು ಮಕ್ಕಳ ಮಾಹಿತಿ ಸಿಕ್ಕಿತು, ಎಷ್ಟು ಮಕ್ಕಳದ್ದು ಸಿಗಲಿಲ್ಲ, ಯಾವ ಊರಿನ ವರದಿ ಇರಲೇ ಇಲ್ಲ ಎಂಬುದನ್ನೂ ಅದರಲ್ಲಿ ಬರೆಯಿರಿ. ತಿರುವನಂತಪುರವಾಗಲಿ ಮುಂಬೈಯಾಗಲಿ ಮಣಿಪಾಲವಾಗಲಿ, ಸಂದರ್ಶನಕ್ಕೆ ಹೋದಾಗ ಆ ನೋಟ್‌ಬುಕ್ಕನ್ನು ಮೇಜಿನ ಮೇಲಿಡಿ. ಅದನ್ನು ಕೈಗೆತ್ತಿಕೊಂಡು ಪುಟ ತಿರುವಿ, ಸಿಗದೆ ಹೋದ ಮಕ್ಕಳ ಬಗ್ಗೆ ನಿಮ್ಮನ್ನು ಪ್ರಶ್ನೆ ಕೇಳುವ ಅಧ್ಯಾಪಕರು ಎಲ್ಲಿ ಸಿಗುತ್ತಾರೋ ಅಲ್ಲಿ ಸೇರಿಕೊಳ್ಳಿ.